ಕಾಕಾನ ಬೈಕಿನ ಗಾಜು

ಹೋದ ವಾರ ಕೊಲ್ಹಾಪುರಕ್ಕೆ ಹೋದಾಗ ಚಪ್ಪಲಿ ಅಂಗಡಿಗಳ ಸಾಲಿನಲ್ಲಿ ಮಳೆ ಹಿಡಿಯಿತು. ಅಂಗಡಿಯವನು ಹೊರಗೆ ತೂಗುಹಾಕಿದ್ದ ಚಪ್ಪಲಿಗಳನ್ನು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಅರ್ಧಕ್ಕರ್ಧ ತೊಯ್ದುಹೋಗಿದ್ದವು. ನಾನು ತಲೆಗೆ ಸೆರಗು ಹೊದ್ದು ಅವನ ಕಟ್ಟೆಯ ಮೇಲೆ ನಿಂತಿದ್ದೆ. ನೆನೆದ ತೊಗಲಿನ ವಾಸನೆ ಮೂಗಿಗೆ ಬಡಿಯಿತು ನೋಡಿ... ಬಂದ ಕೆಲಸವೇ ಮರೆತುಹೋಯಿತು. ಇಂಥದೇ ಮಳೆಯಲ್ಲಿ, ತವಂದಿ ಘಾಟಿನಲ್ಲಿ, ಅಂಗೈ ಮೇಲೆ ನೆನೆದ ತೊಗಲಿನ ತುಣುಕು ಇಟ್ಟುಕೊಂಡು ಅದನ್ನೇ ನೋಡುತ್ತ ನಿಂತಿದ್ದ ಕಾಕಾ ಕಣ್ಣೆದುರಿಗೆ ಬಂದರು.

ಸ್ವಂತ ಕಾಕಾ ಅಲ್ಲ. ನನ್ನ ತವರು ಗಡಹಿಂಗ್ಲಜ. ಅವರೂ ಅದೇ ಓಣಿಯವರು, ನಮ್ಮಪ್ಪನ ಜೊತೆ ಆಡಿ ಬೆಳೆದವರು. ಹರೆಯದಲ್ಲೇ ಇಚಲಕರಂಜಿಗೆ ಬಂದು ಪವರ್‌ಲೂಮ್ ಕಾರ್ಖಾನೆಯಲ್ಲಿ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಆದರು. ನಾನು ಮದುವೆಯಾಗಿ ಇಚಲಕರಂಜಿಗೆ ಬಂದು ನೋಡಿದರೆ ಅವರ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಕೂಗಿದರೆ ಅವರಿಗೆ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಮಗ್ಗಗಳ ಸದ್ದಿನ ನಡುವೆ ನಿಂತು ನಿಂತು ಅವರ ಕಿವಿ ಹೋಗಿದ್ದವು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು.

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಆದರೆ ತಾನಾಗಿ ಹೋಗುವ ಹಾಗಿಲ್ಲ. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ನನಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಇರುವತನಕ ಅವರೇ ಬರುತ್ತಿದ್ದರು. ಅವರು ತೀರಿಕೊಂಡ ವರ್ಷ ಓಣಿಯ ಸೊಸೆಯಂದಿರೆಲ್ಲ ಚೀಲ ಕಟ್ಟಿಕೊಂಡು ಹೊರಟಾಗ ನಾನು ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ನೆವದಲ್ಲಿ ಅಳುತ್ತ ಕೂತಿದ್ದೆ. ಆಗ ಬಾಗಿಲಲ್ಲಿ ಕಾಕಾನ ದನಿ ಕೇಳಿತು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೊಪ್ಪಿಗೆ, ಕೈಯಲ್ಲಿ ಎಲೆಅಡಿಕೆಯ ಪುಡಿಕೆ.

"ಮಗಳನ್ನ ಕರೆಯಾಕ ಬಂದೇನ್ರಿ" ಎಂದರು.

ನಮ್ಮತ್ತೆ ಚೇಷ್ಟೆಯವರು. "ಭಾಳ ದೂರಿಂದ ಬಂದೀರಿ, ಪಾಪ. ಕಾಲಿಗೆ ನೀರು ಕೊಡ್ಲೇನ್ರಿ?" ಎಂದರು. ಕಾಕಾ ನಗಲಿಲ್ಲ. ನೀರು ಇಸಕೊಂಡು ಅಂಗಳದಲ್ಲಿ ಕಾಲು ತೊಳೆದು, ಬೇರೆ ಊರಿನಿಂದ ಬಂದ ಬೀಗರ ಹಾಗೆ ಚಾಪೆಯ ಮೇಲೆ ಕೂತು ಚಹಾ ಕುಡಿದರು. ಆಮೇಲೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗಡಹಿಂಗ್ಲಜಕ್ಕೆ ಹೊರಟರು. ಅಲ್ಲಿಂದ ಮುಂದೆ ಪ್ರತಿ ವರ್ಷ ಹೀಗೇ.

ಮಗ್ಗದ ಸದ್ದು ಕಿವಿ ತಿಂದರೆ ಹತ್ತಿಯ ಧೂಳು ಎದೆ ತಿನ್ನುತ್ತದೆ. ಕಾಕಾನ ಕೆಮ್ಮು ವರ್ಷದಿಂದ ವರ್ಷಕ್ಕೆ ಏರಿತು. ತಂಪು ಗಾಳಿ ಎದೆಗೆ ಬಡಿಯಬಾರದು ಎಂದು ಡಾಕ್ಟರರು ಹೇಳಿದರು. ಸುದ್ದಿ ನಮ್ಮವ್ವನಿಗೂ ಮುಟ್ಟಿ, "ಜೀವಕ್ಕಿಂತ ಹಬ್ಬ ದೊಡ್ಡದಲ್ಲ, ಇನ್ನ ಅವರನ್ನ ದಣಸೂದು ಬ್ಯಾಡ" ಎಂದು ಹೇಳಿ ಕಳಿಸಿದಳು. ಎಸ್‌ಟಿ ಬಸ್ಸಿನಲ್ಲಿ ಹೋಗೋಣವೆಂದು ನಾನೇ ಅಂದೆ. ಕಾಕಾನಿಗೆ ಸಿಟ್ಟು ಬಂತು.

"ಎಸ್‌ಟಿಯೊಳಗ ಹೋದ್ರ ಕಂಡಕ್ಟರ್ ಕರಕೊಂಡ ಹೋದಂಗಾತು. ನಾ ಕರದಂಗ ಹೆಂಗಾಗತೈತಿ?"

ಮರುದಿನ ಕೊಲ್ಹಾಪುರಕ್ಕೆ ಹೋಗಿ ಬೈಕಿನ ಮುಂದೆ ಕೂರಿಸುವ ಗಾಜು ತಂದರು. ಗಾಜು ಅನ್ನುವುದು ಬಾಯಿಮಾತಿಗೆ. ಅದು ದಪ್ಪ ಪ್ಲಾಸ್ಟಿಕ್ಕು. ಬೈಕಿನ ಜೊತೆ ಬಂದದ್ದಲ್ಲವಾದ್ದರಿಂದ ಅದರ ತೂತಿಗೂ ಹ್ಯಾಂಡಲಿನ ಪಟ್ಟಿಗೂ ಸರಿಯಾಗಿ ಹೊಂದುತ್ತಿರಲಿಲ್ಲ. ಹಾಗೂ ಹೀಗೂ ಬೋಲ್ಟ್ ಹಾಕಿ, ನನ್ನನ್ನು ಹಿಂದೆ ಕೂರಿಸಿಕೊಂಡು ಪಕ್ಕದ ಊರು ಕೊರೋಚಿಯತನಕ ಓಡಿಸಿ ನೋಡಿದರು. ವೇಗ ಏರಿದೊಡನೆ ಗಾಜು ಲಟಲಟ ಬಡಿಯತೊಡಗಿತು. ಅವರಿಗೆ ಕೇಳಿಸಬೇಕಲ್ಲ! ನಾನು ಬೆನ್ನು ತಟ್ಟಿದರೆ ಗಾಡಿ ನಿಲ್ಲಿಸುವರು, ಗಾಜಿನ ಮೇಲೆ ಅಂಗೈ ಇಡುವರು. ನಿಂತ ಗಾಡಿಯ ಗಾಜು ಅಲುಗುತ್ತದೆಯೇ? "ಎಲ್ಲೈತಿ ಸಪ್ಪಳ? ನಿನ್ನ ಕಿವಿನ ಸಡ್ಲ ಆಗ್ಯಾವ" ಎಂದು ನನ್ನನ್ನೇ ಗದರಿಸಿದರು.

ಆದರೂ ಮನಸ್ಸಿಗೆ ಹತ್ತಿತ್ತು ಅಂತ ಕಾಣುತ್ತದೆ. ಸಂಜೆ ಕಾರ್ಖಾನೆಯಿಂದ ಮಗ್ಗದ ಹಳೆಯ ತೊಗಲಿನ ಪಟ್ಟಿ ತಂದು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರು. ಮಗ್ಗದಲ್ಲಿ ಎರಡು ಭಾಗ ಒಂದಕ್ಕೊಂದು ಬಡಿಯುತ್ತಿದ್ದರೆ ನಡುವೆ ತೊಗಲು ಕೊಡುವುದು ಅವರ ಜೀವಮಾನದ ಔಷಧ. ಗಾಜಿಗೂ ಅದನ್ನೇ ಕೊಟ್ಟು ಬಿಗಿದರು. ಸದ್ದು ಅಡಗಿತು. ಕೊರೋಚಿಗೆ ಹೋಗಿ ಬಂದರೂ ಒಂದು ಚೂರು ಅಲುಗಲಿಲ್ಲ. ಕಾಕಾ ಅಂದು ಓಣಿಯವರಿಗೆಲ್ಲ ಚಹಾ ಕುಡಿಸಿದರು.

ಪಂಚಮಿಯ ಹಿಂದಿನ ದಿನ ಹೊರಟಾಗ ಜಿಟಿಜಿಟಿ ಮಳೆ. ನಿಪ್ಪಾಣಿ ದಾಟುವತನಕ ಎಲ್ಲ ಸರಿಯಿತ್ತು. ತವಂದಿ ಘಾಟ ಏರುತ್ತಿದ್ದ ಹಾಗೆ ಗಾಳಿ ಎದ್ದಿತು, ಗಾಜು ಮತ್ತೆ ಲಟಲಟ ಶುರುಮಾಡಿತು. ಬೆನ್ನು ತಟ್ಟಿದೆ. ಮಳೆಯಲ್ಲಿ ಅವರಿಗೆ ತಿಳಿಯಲಿಲ್ಲ. ಗಾಜು ಒಂದು ಕಡೆ ವಾಲಿ ಹ್ಯಾಂಡಲಿಗೆ ತಾಗಿ, ಗಾಡಿ ಓಲಾಡಿತು. ಕಾಕಾ ಹೇಗೋ ಸಾವರಿಸಿಕೊಂಡು ರಸ್ತೆ ಬದಿಯ ಪಂಕ್ಚರ್ ಅಂಗಡಿಯ ತಾಡಪತ್ರಿಯ ಕೆಳಗೆ ನಿಲ್ಲಿಸಿದರು. ಇಳಿದವರೇ ಕೆಮ್ಮಲು ಹತ್ತಿದರು. ನಿಲ್ಲಲಾಗದೆ ಕೆಳಗೆ ಕೂತರು. ಗಾಳಿ ತಡೆಯಲು ಅಂಗಿಯೊಳಗೆ ಎದೆಗೆ ಅಡ್ಡ ಇಟ್ಟುಕೊಂಡಿದ್ದ ಪೇಪರಿನ ಮಡಿಕೆ ತೊಯ್ದು ಜಾರಿ ಹೊರಬಂತು. ಅದನ್ನು ಅಲ್ಲಿಯತನಕ ನಾನು ನೋಡಿರಲಿಲ್ಲ.

"ಕಾಯ್ ಝಾಲಂ, ಕಾಕಾ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತ ಅಂಗಡಿಯವನು ನೀರು ಕೊಟ್ಟ.

ಕೆಮ್ಮು ಇಳಿದ ಮೇಲೆ ಕಾಕಾ ಬೋಲ್ಟ್ ಬಿಚ್ಚಿದರು. ತೊಗಲಿನ ಬಿಲ್ಲೆಗಳು ನೆನೆದು, ಉಬ್ಬಿ, ಹಾಲಿನಲ್ಲಿ ಹಾಕಿದ ರೊಟ್ಟಿಯ ಹಾಗೆ ಮೆತ್ತಗಾಗಿದ್ದವು. ಒಂದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಮಗ್ಗದ ಮ್ಯಾಲ ಎಂದರ ಮಳಿ ಬಿದ್ದೈತೇನವ್ವಾ?" ಎಂದರು. ನಗಲು ಹೋಗಿ ಮತ್ತೆ ಕೆಮ್ಮಿದರು.

ಗಾಜು ಬಿಚ್ಚಿ ಇಲ್ಲೇ ಇಟ್ಟು ಬಸ್ಸಿಗೆ ಹೋಗೋಣ ಎಂದು ಅವರ ಮುಖದ ಮುಂದೆ ಬಂದು, ತುಟಿ ಕಾಣುವ ಹಾಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಕೆಮ್ಮಿದ್ದು ನಿಮ್ಮವ್ವನ ಮುಂದ ಹೇಳಬ್ಯಾಡ ಮಗಳ. ತಿಳೀತಂದ್ರ ಬರೋ ವರ್ಷ ನನ್ನ ಬರಗೊಡಂಗಿಲ್ಲ. ಆಮ್ಯಾಲ ನಿನ್ನ ಕರೆಯಾಕ ಯಾರ ಬರ್ತಾರ?"

ಅಂಗಡಿಯವನಿಂದ ಹಳೆಯ ಟ್ಯೂಬು ಇಸಕೊಂಡು ಇಬ್ಬರೂ ರಬ್ಬರ್ ಕತ್ತರಿಸಿದೆವು. ಗಾಜಿನ ಹಿಂದೊಂದು, ಮುಂದೊಂದು ಕೊಟ್ಟು, ಗಾಜು ಸೀಳದಷ್ಟು, ಆದರೆ ರಬ್ಬರ್ ಒತ್ತಿಕೊಳ್ಳುವಷ್ಟು ಬಿಗಿದು, ಹಿಂದಿನಿಂದ ಇನ್ನೊಂದು ನಟ್ ಹಾಕಿದರು. ನಟ್ ತಿರುಗಿಸುವ ಪಾನಾ ಅವರ ಕೈಯಿಂದ ಜಾರಿದಾಗಲೆಲ್ಲ ನಾನು ಎತ್ತಿಕೊಟ್ಟೆ. ಘಾಟ ಏರಿ, ಸಂಕೇಶ್ವರ ದಾಟಿ, ಗಡಹಿಂಗ್ಲಜ ಮುಟ್ಟುವತನಕ ಗಾಜು ಮಿಸುಕಲಿಲ್ಲ.

ಮನೆಯಲ್ಲಿ ಅವ್ವ ಶೇಂಗಾ ಉಂಡಿ ಕೊಟ್ಟಳು. ಕಾಕಾ ಕೆಮ್ಮನ್ನು ತಡೆದುಕೊಂಡು ಕೂತಿದ್ದರು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂದರೂ ಕೆಮ್ಮಲಿಲ್ಲ. "ಗಾಳಿ ಅಂಬೂದ ಹತ್ತಲಿಲ್ಲ ನೋಡವ್ವಾ, ಗ್ಲಾಸ ಅಂದ್ರ ಗ್ಲಾಸ!" ಎಂದು ಜಂಬದಿಂದ ಹೇಳಿದರು. ಆದರೆ ಒಂದೊಂದು ಉಸಿರಿಗೂ ಅವರ ಎದೆ ಸುಯ್ ಸುಯ್ ಎಂದು ಸಿಳ್ಳೆ ಹಾಕುತ್ತಿತ್ತು. ಪಡಸಾಲೆ ತುಂಬ ಅದೇ ಸದ್ದು. ಅಡುಗೆಮನೆಯಲ್ಲಿದ್ದರೂ ಕೇಳಿಸುವಂತಿತ್ತು. ಅದು ಕೇಳಿಸದೆ ಇದ್ದದ್ದು ಅವರೊಬ್ಬರಿಗೇ.

ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಆಕೆ ಎದ್ದು ಹೋಗಿ ಕಾಕಾನ ಎದುರಿಗೆ ಕೂತು, ತುಟಿ ಬಿಡಿಸಿ ಬಿಡಿಸಿ ಹೇಳಿದಳು, "ಬರೋ ವರ್ಷನೂ ನೀವ ಕರಕೊಂಡ ಬರ್ರಿ. ಒಂದ ದಿನ ಮೊದಲ ಬರ್ರಿ."

ಕಾಕಾ ಟೊಪ್ಪಿಗೆ ಸರಿಮಾಡಿಕೊಂಡರು. ಅವರಿಗೆ ಅಷ್ಟು ಖುಷಿಯಾದದ್ದನ್ನು ನಾನು ಮತ್ತೆ ನೋಡಲಿಲ್ಲ... ಆ ಚಳಿಗಾಲದಲ್ಲೇ ಅವರು ತೀರಿಕೊಂಡರು.

ಆಮೇಲೆ ಎಷ್ಟೋ ಪಂಚಮಿ ಬಂದವು. ಅತ್ತೆ ತಾವಾಗಿಯೇ "ಹೋಗಿ ಬಾ" ಅನ್ನುತ್ತಿದ್ದರು. ಯಾರೂ ಕರೆಯದೆ ಹೋಗಲು ನನಗೇ ಮನಸ್ಸಾಗಲಿಲ್ಲ. ಈ ಸಲ ಕೊಲ್ಹಾಪುರದಿಂದ ಬಂದ ಮೇಲೆ ಏನನ್ನಿಸಿತೋ, ಒಬ್ಬಳೇ ಎಸ್‌ಟಿ ಹತ್ತಿ ಗಡಹಿಂಗ್ಲಜಕ್ಕೆ ಹೋದೆ. ನಮ್ಮಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಪಾಲನ್ನೂ ಹೆಸರಿಸಿ ಎರೆಯುತ್ತಾರೆ. ಬಟ್ಟಲು ಹಿಡಿದು ದೇವರ ಪಾಲು ಅಂದೆ, ಹಿರಿಯರ ಪಾಲು ಅಂದೆ, ಅವ್ವನ ಪಾಲು ಅಂದೆ. ಅಣ್ಣನ ಪಾಲು ಎನ್ನುವ ಕಡೆ, ಕಾಕಾ ಕರೆದುಕೊಂಡು ಬರುತ್ತಿದ್ದ ವರ್ಷಗಳಲ್ಲೆಲ್ಲ ಕಾಕಾನ ಪಾಲು ಎನ್ನುತ್ತಿದ್ದೆ. ಬಾಯಿಗೆ ಅದೇ ಬಂತು.

ಅವ್ವ ಮೆಲ್ಲಗೆ ನನ್ನ ಮೊಣಕೈ ಹಿಡಿದಳು. "ಹೋದವರದು ಹಿರೇರ ಪಾಲಿನಾಗ ಬಂತವ್ವಾ. ಬ್ಯಾರೆ ಎರಿಯಂಗಿಲ್ಲ."

ಬಟ್ಟಲಿನಲ್ಲಿ ಹಾಲು ಇನ್ನೂ ಇತ್ತು. ಅದನ್ನು ಯಾರ ಹೆಸರಿಗೆ ಎರೆಯಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತೆ.