ಮಿಲ್ಟ್ರಿಯವರ ಕೈಗೆ ಮಚ್ಚು

ಯುಗಾದಿಯ ಮಾರನೆಯ ದಿನ ಹೊಸತೊಡಕು. ರೇಷ್ಮೆಗೆ ಹೆಸರಾದ ವಿಜಯಪುರದ ಕಡೆಯ ನಮ್ಮೂರಿನಲ್ಲಿ ಅವತ್ತು ಬೀದಿಯವರೆಲ್ಲ ಸೇರಿ ಕುರಿ ಕಡಿದು, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಕಡಿಯುವ ಕೆಲಸ ನಮ್ಮಪ್ಪನದು. ಬಾಂಗ್ಲಾ ಯುದ್ಧ ಮಾಡಿ ಬಂದವನಿಗೆ ಊರು ಕೊಟ್ಟ ಮರ್ಯಾದೆ. “ಮನುಷ್ಯರನ್ನೇ ಕಡಿದು ಬಂದೋರಿಗೆ ಕುರಿ ಯಾವ ಲೆಕ್ಕ!” ಎಂದು ನಗುತ್ತ ಮಚ್ಚು ಕೈಗಿಡುತ್ತಿದ್ದರು. ಅಪ್ಪ ಸತ್ತ ಮೇಲೂ ಅದನ್ನೇ ಹೇಳುತ್ತಾರೆ. ಅವರ ಮರ್ಯಾದೆಗಿಷ್ಟು ಬೆಂಕಿ ಹಾಕ!

ಅಪ್ಪ ಒಂದೇ ಏಟಿಗೆ ತಲೆ ಹಾರಿಸುತ್ತಿದ್ದ. ಮುಖಕ್ಕೆ ಚಿಮ್ಮಿದ ರಕ್ತವನ್ನೂ ಒರೆಸದೆ ಮುಂದಿನ ಕುರಿಗೆ ನಿಲ್ಲುತ್ತಿದ್ದ. ಮನೆಗೆ ಬಂದ ಮೇಲೆ ಮಾತಾಡಿಸಿದವರಿಗೆ ಗ್ರಹಚಾರ. ಒಂದು ವರ್ಷ ತಟ್ಟೆ ಎಸೆದು ಅಮ್ಮನ ಹುಬ್ಬು ಸೀಳಿದ. “ಈ ಸಲ ಆಗಕ್ಕಿಲ್ಲ ಅಂದ್ಬಿಡಿ” ಎಂದು ಅಮ್ಮ ಪ್ರತಿ ಯುಗಾದಿಗೂ ಬೇಡುತ್ತಿದ್ದಳು.

“ಮಿಲ್ಟ್ರಿಯೋನು ಹೆದರ್ಕೊಂಡ ಅಂತಾರೆ ಕಣೇ,” ಅನ್ನುತ್ತಿದ್ದ ಅಪ್ಪ.

ನಾನು ರೇಷ್ಮೆ ಕಾರ್ಖಾನೆಯ ಕೆಲಸಕ್ಕೆ ಸೇರಿದ ವರ್ಷ, ತೊಂಬತ್ತರ ಆಚೀಚೆ ಇರಬೇಕು, ಒಂದು ಕುರಿ ವಿಪರೀತ ಅರಚತೊಡಗಿತು. ಹಗ್ಗ ಹಿಡಿದಿದ್ದ ಪಕ್ಕದ ಮನೆಯ ಮಾವ ಅದರ ಬಾಯಿಯನ್ನು ಎರಡೂ ಕೈಯಿಂದ ಅಮುಕಿ ಹಿಡಿದ. ಎತ್ತಿದ್ದ ಮಚ್ಚನ್ನು ಅಪ್ಪ ಬಿಸಾಡಿದ. ಮಾವನ ಕತ್ತು ಹಿಡಿದು ಚಪ್ಪಡಿಗೆ ಕೆಡವಿ ಮುಖಕ್ಕೆ ಗುದ್ದಿದ, ಗುದ್ದುತ್ತಲೇ ಇದ್ದ. “ಬಾಯಿ ಬಿಡೋ! ಉಸಿರಾಡ್ಲಿ ಬಿಡೋ!” ಕುರಿ ಆಗಲೇ ಓಡಿಹೋಗಿತ್ತು. ನಾನು ಅಪ್ಪನ ಕೂದಲು ಹಿಡಿದು ಎಳೆದೆ. ಅವನ ಮೊಣಕೈ ಬಡಿದು ನನ್ನ ಮೂಗಿನಿಂದ ರಕ್ತ ಸುರಿಯಿತು. ಕೊನೆಗೆ ನಾಲ್ಕು ಜನ ಸೇರಿ ಅದೇ ಕುರಿಯ ಹಗ್ಗದಿಂದ ಅವನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು.

ಸಂಜೆ ನಾನೇ ಬಿಚ್ಚಿದೆ. ಅಪ್ಪ ಎದ್ದೇಳಲಿಲ್ಲ, ಕಂಬಕ್ಕೊರಗಿ ಯುದ್ಧದ ಮಾತು ತೆಗೆದ.

“ಹೊಟ್ಟೆಗೆ ಗುಂಡು ಬಿದ್ದಿತ್ತು ಅವ್ನಿಗೆ. ಒಂದೇ ಸಮ ಕಿರುಚ್ತಿದ್ದ. ಪಾಕಿಸ್ತಾನದೋರು ಹತ್ರದಲ್ಲೇ ಇದ್ರು, ಸದ್ದು ಕೇಳಿದ್ರೆ ನಾವೆಲ್ಲ ಸಾಯ್ತಿದ್ವಿ. ಬಾಯಿ ಮುಚ್ಚಿ ಹಿಡ್ಕೊಂಡೆ. ನನ್ನ ಕೈ ಕಚ್ಚಿದ, ಬಿಡ್ಲಿಲ್ಲ. ತೆಗೆಯೋ ಹೊತ್ಗೆ ಉಸಿರು ನಿಂತಿತ್ತು.”

“ಶತ್ರು ತಾನೇ ಅಪ್ಪಾ,” ಅಂದೆ.

“ನಮ್ಮೋನೇ ಕಣಮ್ಮ. ನನ್ ಪಕ್ಕದಲ್ಲೇ ಮಲಗ್ತಿದ್ದೋನು.”

ಇಷ್ಟಾದರೂ ಊರಿಗೆ ಬುದ್ಧಿ ಬರಲಿಲ್ಲ. ಎರಡು ಹಲ್ಲು ಕಳೆದುಕೊಂಡ ಮಾವನೇ “ಏಟು ಅಂದ್ರೆ ಮಿಲ್ಟ್ರಿ ಏಟು” ಎಂದು ಹೇಳಿಕೊಂಡು ತಿರುಗಿದ. ಮುಂದಿನ ಹೊಸತೊಡಕಿಗೆ ಮಚ್ಚು ಹಿಡಿದು ಮತ್ತೆ ಬಾಗಿಲಿಗೆ ಬಂದರು. ಅಪ್ಪ ಗೋಡೆ ಹಿಡಿದು ಏಳುತ್ತಿದ್ದ. ಅದನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಚ್ಚು ಕಿತ್ತುಕೊಂಡೆ.

“ನಮ್ಮನೆ ಕಡೆಯಿಂದ ನಾನ್ ಕಡೀತೀನಿ, ನಡೀರಿ.”

“ಹೆಣ್ಣುಡುಗಿ ಕಡಿಯೋದುಂಟಾ?” ಅಂದರು.

“ಅಡ್ಡ ಬಂದೋರನ್ನೂ ಕಡೀತೀನಿ,” ಅಂದೆ. ಯಾರೂ ಅಡ್ಡ ಬರಲಿಲ್ಲ.

ಮೊದಲ ಏಟು ಭುಜಕ್ಕೆ ಬಿತ್ತು. ಕುರಿ ಕೂಗಿದ್ದು ಬೀದಿಗೆಲ್ಲ ಕೇಳಿತು. ಅದರ ಬಾಯಿ ಮುಚ್ಚಲು ಯಾರಿಗೂ ಧೈರ್ಯ ಬರಲಿಲ್ಲ. ಮೂರನೆಯ ಏಟಿಗೆ ತಲೆ ಬೇರೆಯಾಯಿತು. ಅಲ್ಲೇ ವಾಂತಿ ಮಾಡಿಕೊಂಡೆ. ಮಿಲ್ಟ್ರಿ ಮನೆಗೆ ಮಚ್ಚು ಬಂದದ್ದು ಅದೇ ಕೊನೆ.

ಮನೆಗೆ ಬಂದಾಗ ಅಪ್ಪ ಹಿತ್ತಲಿನಲ್ಲಿ ಕೊಳಗ ತುಂಬ ನೀರಿಟ್ಟುಕೊಂಡು ಕೂತಿದ್ದ. ನನ್ನ ಕೈ ಎಳೆದುಕೊಂಡು ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ತೊಳೆದ.

“ನನ್ ಕೈಗೆ ಯಾರೂ ನೀರು ಹಾಕ್ಲಿಲ್ಲ ಕಣಮ್ಮ,” ಅಂದ.