ಒರತೆಯ ಪಾಳಿ ಕಲ್ಲು

ಒರತೆ ಬತ್ತಿರಲಿಲ್ಲ. ಬತ್ತುತ್ತದೆ ಅಂತ ನಾನು ಸುಳ್ಳು ಹೇಳಿದೆ. ನನ್ನ ನೆಗೆಣ್ಣಿಯ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಿದೆ. ನಡೆದದ್ದು ಇಷ್ಟೇ.

ನಮ್ಮದು ಸುರಪುರದ ಗುಡ್ಡಗಳ ನಡುವಿನ ಹಳ್ಳಿ. ಒಂದರ ಮೇಲೊಂದು ಕೂತ ಬಂಡೆಗಳು, ಸಂದಿಯಲ್ಲಿ ಸೀತಾಫಲದ ಗಿಡ. ನಾರಾಯಣಪುರದ ಕಾಲುವೆ ಬಂದ ಮೇಲೆ ಕೆಳಗಿನ ಊರಿನವರು ಭತ್ತ ಬೆಳೆದರು. ಕಾಲುವೆ ನೀರು ಗುಡ್ಡ ಹತ್ತುವುದಿಲ್ಲ. ಮೇಲಿನ ಓಣಿಯ ನಮಗೆ ನಳ ವಾರಕ್ಕೊಮ್ಮೆ ಬಂದರೆ ಬಂತು.

ಈ ಬೇಸಿಗೆ ಪಂಚಾಯಿತಿಯವರು ಊರಿನ ಚರಿತ್ರೆ ಬರೆಯಲು ಒಬ್ಬ ಮಾಸ್ತರನನ್ನು ಹಚ್ಚಿದರು. ರಾಜರ ಕಥೆ ಎಲ್ಲರೂ ಬರೆದಿದ್ದಾರೆ, ನೀರಿನ ಕಥೆ ಹೇಳಿ ಎಂದು ಆತ ಮನೆ ಮನೆ ತಿರುಗಿದ. ಆತ ಬರೆದುಕೊಂಡ ಜಾಗಗಳಲ್ಲಿ ಬೇಸಿಗೆಯಲ್ಲೂ ನೀರಿರುವವುಗಳ ಹೂಳು ತೆಗೆಸಿ, ಸುತ್ತ ಕಲ್ಲು ಕಟ್ಟಿಸುತ್ತೇವೆ ಎಂದು ಅಧ್ಯಕ್ಷರು ಹೇಳಿದ್ದರು.

ಮಾಸ್ತರ ಮೊದಲು ಹೋದದ್ದು ನೆಗೆಣ್ಣಿಯ ಮನೆಗೆ. ನನ್ನ ಗಂಡನ ತಮ್ಮನ ಹೆಂಡತಿ ಅವಳು. ಏಳನೇ ಇಯತ್ತೆ ಓದಿದವಳು, ಒಂದು ಸಲ ಪಂಚಾಯಿತಿ ಮೆಂಬರ್ ಆಗಿದ್ದವಳು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಒರತೆಯ ದಾರಿ ಅವಳಿಗೆ ತೋರಿಸಿದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬಂಡೆ ಇಳಿಯಲು ಅಂಜಿ ಕುಂಡೆ ಮೇಲೆ ಜಾರುತ್ತಿದ್ದಳು.

ಆಗ ಒರತೆಯ ನೀರನ್ನು ಬಟ್ಟಲಿನಿಂದ ತೋಡುತ್ತಿದ್ದೆವು. ಒಂದು ಕೊಡ ತುಂಬಿದರೆ ಮತ್ತೆ ನೀರು ಊರುವ ತನಕ ಕಾಯಬೇಕು. ಕೊಡ ಬಿಟ್ಟು ಹೋದರೆ ಮಂಗಗಳು ಉರುಳಿಸುತ್ತವೆ. ಅದಕ್ಕೆ ಒಬ್ಬೊಬ್ಬಳೂ ತನ್ನ ಗುರುತಿನ ಕಲ್ಲನ್ನು ಪಾಳಿಯಲ್ಲಿ ಇಟ್ಟು ಕೂಲಿಗೆ ಹೋಗುತ್ತಿದ್ದಳು. ಇನ್ನೊಬ್ಬಳ ಕಲ್ಲು ಯಾರೂ ಸರಿಸುತ್ತಿರಲಿಲ್ಲ. ನನ್ನದು ಬಿಳಿ ಗೆರೆಯ ಕಲ್ಲು, ಎಲ್ಲಕ್ಕೂ ಮುಂದೆ. ನಳ ಬಂದ ಮೇಲೆ ಆ ಕಡೆ ಯಾರೂ ಹೋಗಲಿಲ್ಲ; ಆ ಪಾಳಿ ಹಿಡಿದವರಲ್ಲಿ ಈಗ ಉಳಿದದ್ದು ನಾವಿಬ್ಬರೇ.

ಮಾಸ್ತರ ನನ್ನ ಮನೆಗೆ ಬಂದು ಫೋನಿನಲ್ಲಿ ಫೋಟೋ ತೋರಿಸಿದ. ಒರತೆಯ ಬಂಡೆ ಮೇಲೆ ನೆಗೆಣ್ಣಿ, ಹೊಸ ಸೀರೆ ಉಟ್ಟು; ಕೆಳಗೆ ಕಾಣುವುದು ಬರೀ ಹೂಳು. ಆ ಬಂಡೆ ಮೇಲೆ ಕೂರುತ್ತಿದ್ದವಳು ನಾನು.

“ಬ್ಯಾಸಗ್ಯಾಗೂ ಇಲ್ಲಿ ನೀರ ಇರ್ತದಂತ ಅವ್ರು ಹೇಳ್ಯಾರ. ನೀವೇನಂತೀರಿ ಆಯಿ?”

“ಆಕಿಗೇನ ಗೊತ್ತದ? ಸಂಕ್ರಾಂತಿ ಆತಂದ್ರ ಒಣಗ್ತದ. ಕೊಡ ಹೊತ್ತಾಕಿ ನಾ.”

ಮಾಸ್ತರ ಬರೆದಿದ್ದನ್ನು ಹೊಡೆದು ಹಾಕಿದ. ಮುಂದೆ ಗ್ರಾಮಸಭೆಯಲ್ಲಿ ಕೆಲಸದ ಪಟ್ಟಿ ಓದಿದಾಗ ನಮ್ಮ ಒರತೆ ಇರಲಿಲ್ಲ.

“ಹಿರೇ ಮನಷ್ಯಾಳೇ ಇಲ್ಲಂದ ಮ್ಯಾಲ ಮುಗೀತು. ತಕರಾರ ಇದ್ರ ನಾಳಿ ಮಧ್ಯಾಹ್ನದೊಳಗ ಹೇಳ್ರಿ, ಪಟ್ಟಿ ತಾಲೂಕಿಗೆ ಹೋಗ್ತದ” ಅಂದರು ಅಧ್ಯಕ್ಷರು.

ಮೇಲಿನ ಓಣಿಯ ಹೆಂಗಸರು ನೆಗೆಣ್ಣಿಯ ಮುಖ ನೋಡಿದರು, ಸುಳ್ಳಿಯನ್ನು ನೋಡುವ ಹಾಗೆ. ನನಗೆ ಖುಷಿಯಾಯಿತು. ಆ ಖುಷಿ ಮನೆ ಮುಟ್ಟುವ ತನಕ ಇತ್ತು. ಸಂಜೆ ಅವಳೇ ಬಂದು ಹೊಸ್ತಿಲಲ್ಲಿ ನಿಂತಳು.

“ಯಕ್ಕಾ, ಅಲ್ಲಿ ನೀರ ಅದ ಅಂತ ನಿನಗೂ ಗೊತ್ತದ.”

“ಇದ್ರ ಇರಲಿ. ಫೋಟೋದಾಗ ನೀ ಭಾಳ ಚಂದ ಕಂಡಿ.”

“ಫೋಟೋಕ್ಕ ಉರ್ಕೊಂಡೇನು? ಬುಕ್ಕಿನಾಗ ನಾ ಏನ ಬರಸೀನಿ ಕೇಳಿದೇನು? ನಮ್ಮಕ್ಕ ತೋರಿಸಿದ ಒರತಿ ಅಂತ ಬರಸೀನಿ.”

“ನನ್ನ ಹೆಸರ ನೀ ಬರಸಬೇಕೇನು?”

“ಮತ್ಯಾರ ಬರಸಬೇಕ? ನಿನ್ನ ಬಾಯಿಗೆ ಸುಳ್ಳೊಂದ ಬರ್ತದ.”

ಅಷ್ಟು ಅಂದು ಹೋದಳು.

ಇದರಿಂದ ನನ್ನ ಮನಸ್ಸು ಕರಗಿತು ಅಂತ ಹೇಳಿದರೆ ಅದೂ ಸುಳ್ಳು. ಕಿಚ್ಚು ಹೆಚ್ಚೇ ಆಯಿತು. ಓದು ಅವಳದು, ಮೆಂಬರ್‌ಗಿರಿ ಅವಳದು, ಈಗ ದೊಡ್ಡ ಮನಸ್ಸೂ ಅವಳದೇ. ನಾಳೆ ಅವಳು ಪಂಚಾಯಿತಿಗೆ ಹೋಗಿ ವಾದ ಮಾಡಿ ಗೆದ್ದರೆ ಒರತೆಯೂ ಪೂರ್ತಿ ಅವಳದಾಗುತ್ತದೆ. ಸೋತರೆ ಓಣಿಗೆ ನೀರಿಲ್ಲ. ಎರಡೂ ನನಗೆ ಬೇಕಾಗಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಕೊಡ, ಬಟ್ಟಲು ಹಿಡಿದು ಗುಡ್ಡ ಹತ್ತಿದೆ. ಮೊಣಕಾಲು ನೋವಿಗೆ ನಾಲ್ಕು ಕಡೆ ಕೂತೆ. ಒರತೆಯಲ್ಲಿ ಮೊಣಕೈ ತನಕ ಹೂಳು. ತೋಡಿದೆ. ಮೊದಲು ಕೆಸರು ಬಂತು, ಆಮೇಲೆ ತಿಳಿ ನೀರು. ಪಾಳಿಯಲ್ಲಿ ನನ್ನ ಬಿಳಿ ಗೆರೆಯ ಕಲ್ಲು ಮುಂದೆಯೇ ಇತ್ತು, ಅದರ ಹಿಂದೆ ಅವಳ ಕರಿ ಕಲ್ಲು. ಅದನ್ನು ಸರಿಸಲಿಲ್ಲ. ತುಂಬಿದ ಕೊಡ ಹೊತ್ತು ನೇರ ಪಂಚಾಯಿತಿಗೆ ಇಳಿದು, ಅಧ್ಯಕ್ಷರ ಮೇಜಿನ ಮೇಲೆ ಇಟ್ಟೆ.

“ಉಗಾದಿ ಆದ ಮ್ಯಾಲಿನ ನೀರು. ನಾ ಸುಳ್ಳ ಹೇಳಿದ್ದೆ. ಬರಕೋರಿ” ಅಂದೆ.

ನೆಗೆಣ್ಣಿ ಇನ್ನೂ ಬಂದಿರಲಿಲ್ಲ.