ಅಮ್ಮ ನೋಡಲು ಬಂದ ಪಂದ್ಯ

ನಾನು ಬಾಕ್ಸಿಂಗ್ ಆಡುವುದು ಅಮ್ಮನಿಗೆ ಇಷ್ಟವಿರಲಿಲ್ಲ. ಮೂಗು ಮುರಿದುಕೊಂಡ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎನ್ನುವುದು ಅವಳ ಚಿಂತೆ. ಆದರೂ ಕೆಂಗೇರಿಯ ಒಂದು ಹಾಲ್‌ನಲ್ಲಿ ನನ್ನ ಸೆಮಿಫೈನಲ್ ಇದ್ದ ದಿನ ಸುಂಕದಕಟ್ಟೆಯಿಂದ ಒಬ್ಬಳೇ ಬಸ್ಸು ಹತ್ತಿ ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದಳು.

ಎದುರಾಳಿ ನನಗಿಂತ ಎತ್ತರ, ಮೇಲಾಗಿ ಎಡಗೈಯವಳು. ಕೋಚ್ ವಾರವಿಡೀ ಒಂದೇ ಪಾಠ ಮಾಡಿದ್ದರು. "ನಿನ್ನ ಎಡಗಾಲು ಯಾವಾಗ್ಲೂ ಅವಳ ಬಲಗಾಲಿನ ಆಚೆ ಇರ್ಬೇಕು. ಆಗ ಅವಳ ಎಡಗೈಗೆ ನೀನು ಸುಲಭವಾಗಿ ಸಿಗಲ್ಲ. ಮೊದಲ ರೌಂಡಲ್ಲಿ ಆತುರ ಬೇಡ. ಉಸಿರನ್ನ ಮೂರನೇ ರೌಂಡಿಗೆ ಇಟ್ಕೊ."

ಸ್ವಲ್ಪ ಹೊತ್ತು ಹಾಗೇ ಆಡಿದೆ, ಸುತ್ತುತ್ತಾ, ತಪ್ಪಿಸಿಕೊಳ್ಳುತ್ತಾ. ಅಷ್ಟರಲ್ಲಿ ಅವಳ ಏಟೊಂದು ನನ್ನ ಕೆನ್ನೆಗೆ ಬಿತ್ತು. ಕೂಡಲೇ ಅಮ್ಮನ ದನಿ ಕೇಳಿಸಿತು.

"ಸುಮ್ನೆ ತಿನ್ಕೊಂಡು ನಿಂತಿದೀಯಲ್ಲೇ! ಹೊಡಿಯೇ!"

ಚಿಕ್ಕಂದಿನಿಂದ ಆ ದನಿ ಕೇಳಿದ ಕೂಡಲೇ ಎದ್ದು ಓಡಿದ ಮೈ ನನ್ನದು. ನುಗ್ಗಿಬಿಟ್ಟೆ. ಎರಡೂ ಕೈಯಲ್ಲಿ ಬಾರಿಸಿ ಅವಳನ್ನು ಹಗ್ಗದವರೆಗೆ ತಳ್ಳಿದೆ. ಜನ ಶಿಳ್ಳೆ ಹಾಕಿದರು. ಗಂಟೆ ಹೊಡೆದಾಗ ಗೆದ್ದೇಬಿಟ್ಟಂತೆ ಮೂಲೆಗೆ ಬಂದು ಕೂತರೆ, ಕೋಚ್ ಮುಖದಲ್ಲಿ ನಗುವಿರಲಿಲ್ಲ.

"ರೌಂಡು ನಿಂದೇ. ಆದ್ರೆ ಇರೋದನ್ನೆಲ್ಲ ಖರ್ಚು ಮಾಡ್ಬಿಟ್ಟೆ," ಎಂದು ನೀರಿನ ಬಾಟಲಿ ಬಾಯಿಗಿಟ್ಟರು.

ಅವರು ಹೇಳಿದ್ದು ಎರಡನೇ ರೌಂಡಿನಲ್ಲಿ ಅರ್ಥವಾಯಿತು. ಗ್ಲೌಸು ಒದ್ದೆ ಮರಳಿನ ಚೀಲದಂತೆ ಭಾರವಾಗಿ, ಎತ್ತಿದ ಕೈ ತಾನಾಗಿ ಇಳಿಯುತ್ತಿತ್ತು. ಅವಳು ಇದಕ್ಕೇ ಕಾದಿದ್ದವಳಂತೆ ಒಂದೊಂದಾಗಿ, ಸಮಾಧಾನವಾಗಿ ಹೊಡೆದಳು. ನಾನು ಬಾಯಿಬಿಟ್ಟು ಉಸಿರಾಡುತ್ತಾ ಹಿಂದೆ ಹಿಂದೆ ಹೋದೆ. ಅಮ್ಮನ ಕಡೆಯಿಂದ ಸದ್ದೇ ಇರಲಿಲ್ಲ.

"ನಿಲ್ಲಿಸ್ಬಿಡ್ಲಾ?" ಮೂಲೆಗೆ ಬಂದಾಗ ಕೋಚ್ ಮೆಲ್ಲಗೆ ಕೇಳಿದರು. ತಲೆಯಾಡಿಸಿ ಬೇಡವೆಂದೆ.

"ಹಾಗಾದ್ರೆ ಕೈ ಮರ್ತ್ಬಿಡು. ಕಾಲು ನೋಡ್ಕೊ. ಅವಳು ಬರ್ಲಿ, ನೀನು ಪಕ್ಕಕ್ಕೆ ಸರಿ, ಒಂದೇ ಒಂದು ಬಲಗೈ ಬಿಡು. ನನ್ನ ಮಾತು ಬಿಟ್ಟು ಬೇರೇನೂ ಕೇಳಿಸ್ಕೋಬೇಡ."

ಮೂರನೇ ರೌಂಡಿನಲ್ಲಿ ಅವಳು ಬಂದಳು. ಸರಿದೆ. ಬಲಗೈ ನೇರ ಹೋಗಿ ಅವಳ ತಲೆ ಹಿಂದಕ್ಕೆ ವಾಲಿತು. ಇನ್ನೊಮ್ಮೆಯೂ ಹಾಗೇ ಆಯಿತು. ಅವಳ ಕಣ್ಣಲ್ಲಿ ಮೊದಲ ಸಲ ಅನುಮಾನ ಕಂಡೆ. ಮತ್ತೆ ಸರಿಯಬೇಕೆಂದುಕೊಂಡೆ, ಮೊಣಕಾಲು ಕೇಳಲಿಲ್ಲ. ಅವಳ ಎಡಗೈ ಪಕ್ಕೆಗೆ ಬಿದ್ದು ಉಸಿರೇ ಕಟ್ಟಿತು. ರೆಫರಿ ಎಣಿಸತೊಡಗಿದರು. ಇನ್ನೂ ಆಡಬಲ್ಲೆನೆಂದು ಕೈ ಎತ್ತಿ ತೋರಿಸಿ ಮತ್ತೆ ಆಡಿದೆ. ಕೊನೆಯ ಗಂಟೆಯವರೆಗೂ ಕಾಲ ಮೇಲೇ ಇದ್ದೆ, ಅಷ್ಟೇ. ತೀರ್ಪು ಬಂದಾಗ ರೆಫರಿ ಎತ್ತಿದ್ದು ಅವಳ ಕೈಯನ್ನು.

ಹೊರಗೆ ಅಮ್ಮ ಸೆರಗಿನಿಂದ ನನ್ನ ತುಟಿ ಒರೆಸಿದಳು. ಆಮೇಲೆ ಕೋಚ್ ಕಡೆ ತಿರುಗಿದಳು. "ನಾನು ಕೂಗಿದ್ದಕ್ಕೇ ಹಿಂಗಾಯ್ತಾ ಸಾರ್?"

ಅವರು ನನ್ನ ಗ್ಲೌಸನ್ನು ಬ್ಯಾಗಿಗೆ ತುಂಬಿದರು. "ಉಸಿರು ಸಾಲ್ಲಿಲ್ಲಮ್ಮ."

"ಉಸಿರು ಹೆಚ್ಚಾಗೋಕೆ ಏನ್ ಮಾಡ್ಬೇಕು?"

"ಇನ್ನೂ ಓಡ್ಬೇಕು."

ಪಕ್ಕೆಯ ನೋವು ಇಳಿದ ಮೇಲೆ ಒಂದು ಬೆಳಿಗ್ಗೆ ಅಮ್ಮ ನನ್ನ ಹೊದಿಕೆ ಎಳೆದಳು. ಅವಳ ಕೈಯಲ್ಲಿ ನನ್ನ ಶೂ ಇತ್ತು.

"ಏಳೇ," ಎಂದಳು, "ಮಾಗಡಿ ರೋಡಲ್ಲಿ ಇನ್ನೂ ಗಾಡಿಗಳಿಲ್ಲ."